ಲೆಕ್ಕದ ಜಗಲಿ: ಮಳೆ ಬಿಟ್ಟು ಎಷ್ಟು ದಿನವಾಯಿತು?

ಮಕ್ಕಳೇ, ಈ ವಾರದ ಲೆಕ್ಕಕ್ಕೆ ಕಂಪ್ಯೂಟರ್ ಬೇಡ. ಎರಡು ಬಟ್ಟಲು, ಒಂದು ಹಿಡಿ ಹುಣಸೆ ಬೀಜ, ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಸಾಕು.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಮಾರ್ಟಳ್ಳಿ ಎಂಬ ಊರಿದೆ. ಕನ್ನಡ, ತಮಿಳು ಎರಡೂ ಕೇಳಿಬರುವ ಊರು. ಮಳೆಯನ್ನೇ ನಂಬಿದ ಹೊಲಗಳು ಅಲ್ಲಿ ಬಹಳ. ಅಂಥ ಹೊಲದವರಿಗೆ ‘ಎಷ್ಟು ಮಳೆ ಬಂತು?’ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ ‘ಮಳೆ ಬಿಟ್ಟು ಎಷ್ಟು ದಿನವಾಯಿತು?’ ರಾಗಿ ಪೈರು ಅಲ್ಲೊಂದು ಇಲ್ಲೊಂದು ಒಣ ದಿನವನ್ನು ತಡೆದುಕೊಳ್ಳುತ್ತದೆ. ಅವೇ ಉದ್ದಕ್ಕೆ ಸಾಲುಗಟ್ಟಿದರೆ ಸೊರಗುತ್ತದೆ.

ಪುಬ್ಬೆ, ಉತ್ತರೆ, ಹಸ್ತ ಎಂದು ಅಜ್ಜ ಹೆಸರಿಸುವ ಒಂದೊಂದು ಮಳೆಗೂ ಸುಮಾರು 14 ದಿನ. ಅಂಥ 14 ದಿನಗಳ ಮಳೆ, ಮಿಲಿಮೀಟರ್‌ಗಳಲ್ಲಿ, ಹೀಗಿತ್ತು ಎಂದುಕೊಳ್ಳೋಣ:

6, 0, 0, 12, 0, 2, 0, 0, 3, 0, 0, 0, 1, 0

ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’. ಹಾಗಾಗಿ ಇಲ್ಲಿನ 2 ಮತ್ತು 1 ಕೂಡ ನಮಗೆ ಒಣ ದಿನಗಳೇ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಮೊದಮೊದಲು ಸಿಗುವ ಪ್ರಶ್ನೆ ಇದು: ಅತಿ ಉದ್ದದ ಸಾಲು ಯಾವುದು?

ಅಜ್ಜಿ ಒಂದೊಂದೇ ಸಂಖ್ಯೆ ಓದಲಿ. ಒಣ ದಿನವಾದರೆ ಎಡ ಬಟ್ಟಲಿಗೆ ಒಂದು ಬೀಜ ಹಾಕಿ. ಮಳೆ ದಿನವಾದರೆ ಎಡ ಬಟ್ಟಲನ್ನು ಪೂರ್ತಿ ಖಾಲಿ ಮಾಡಿ. ಬಲ ಬಟ್ಟಲು ಈವರೆಗಿನ ದಾಖಲೆ. ಅದನ್ನು ಎಂದೂ ಖಾಲಿ ಮಾಡಬೇಡಿ. ಎಡಗಡೆ ಬೀಜ ಬಲಗಡೆಗಿಂತ ಹೆಚ್ಚಾದಾಗಲೆಲ್ಲ ಬಲಕ್ಕೂ ಒಂದು ಹಾಕಿ ಸಮ ಮಾಡಿ.

ಈ ಹೋಲಿಕೆಯನ್ನು ಪ್ರತಿ ದಿನವೂ ಮಾಡಬೇಕು. ‘ಮಳೆ ಬಂದು ಸಾಲು ಮುರಿದಾಗ ಮಾತ್ರ ಹೋಲಿಸಿದರೆ ಸಾಲದೇ?’ ಎಂದು ಜಾಣರು ಕೇಳಬಹುದು. ಮಾಡಿ ನೋಡಿ. ಮೊದಲ ಸಾಲು 2, ಎರಡನೆಯದು 4. ಮೂರನೆಯದು 5, ಆದರೆ ಅದನ್ನು ಮುರಿಯುವ ಮಳೆ ಪಟ್ಟಿಯಲ್ಲೇ ಇಲ್ಲ! ಹಾಗಾಗಿ ಉತ್ತರ 4 ಎಂದು ಬರುತ್ತದೆ. ತಪ್ಪು. ಬಿಟ್ಟುಹೋದದ್ದು ಯಾವ ಸಾಲು? ಇನ್ನೂ ಮುಗಿಯದೆ ನಡೆಯುತ್ತಿರುವ ಸಾಲು. ಹೊಲದ ಬದುವಿನಲ್ಲಿ ನಿಂತು ಮೋಡ ನೋಡುವವರಿಗೆ ಬೇಕಾದದ್ದು ಅದೇ ಅಲ್ಲವೇ?

ಇನ್ನೊಂದು ಮಾತು. ಈ 14 ದಿನಗಳ ಒಟ್ಟು ಮಳೆ 24 ಮಿ.ಮೀ. ಅಷ್ಟೂ ಮೊದಲ ದಿನವೇ ಸುರಿದಿದ್ದರೂ ಮೊತ್ತ 24. ಆಗ ಒಣ ಸಾಲು ಮಾತ್ರ 13! ಮೊತ್ತ ಹೇಳದ ಸಂಗತಿಯನ್ನು ಸಾಲು ಹೇಳುತ್ತದೆ.

ನಿಮಗೊಂದು ಒಗಟು: ಇದೇ ಪಟ್ಟಿಯಲ್ಲಿ ಒಂದು ಒಣ ದಿನವನ್ನು ಮಳೆ ದಿನವಾಗಿಸುವ ವರ ಸಿಕ್ಕರೆ, ಅತಿ ಉದ್ದದ ಸಾಲನ್ನು ಎಷ್ಟಕ್ಕೆ ಇಳಿಸಬಲ್ಲಿರಿ? ಎರಡು ದಿನಗಳ ವರ ಸಿಕ್ಕರೆ? ಅಜ್ಜ ಅಜ್ಜಿಯರೂ ಕೈ ಹಾಕಲಿ. ಉತ್ತರ ಮುಂದಿನ ವಾರ.