ಎರಡು ಬಗೆಯ ಅಲೆಮಾರಿ ದಂಪತಿಗಳು

ಮನೆಯನ್ನು ಮಾರಿ, ಬೇಕಾದಷ್ಟನ್ನೇ ಬೆನ್ನಿಗೆ ಕಟ್ಟಿಕೊಂಡು, ದೇಶದಿಂದ ದೇಶಕ್ಕೆ ತಿರುಗುತ್ತ ಅಲ್ಲಲ್ಲಿಯ ಪರ್ವತಗಳನ್ನು ಕಾಲ್ನಡಿಗೆಯಿಂದ ಸುತ್ತುವ ಗಂಡಹೆಂಡಿರ ಕಥೆಗಳು ಈಚೆಗೆ ಆಗಾಗ ನಮ್ಮ ಕಿವಿಗೆ ಬೀಳುತ್ತವೆ. ಒಂದು ವರ್ಷ ಆಲ್ಪ್ಸ್, ಮರುವರ್ಷ ಆಂಡೀಸ್, ಅದರ ಮುಂದಿನ ವರ್ಷ ಹಿಮಾಲಯ. ಅವರಿಗೆ ತಮ್ಮದೆಂಬ ಊರಿಲ್ಲ, ಬೀಗ ಹಾಕಲು ಬಾಗಿಲಿಲ್ಲ. ಇಂತಹದನ್ನು ಓದಿದಾಗ ನಮಗೆ ಬೆರಗಾಗುತ್ತದೆ. ನಿಜ ಹೇಳುವುದಾದರೆ ತುಸು ಅಸೂಯೆಯೂ ಆಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನಗೂಳಿಯಂತಹ ಬಯಲುಸೀಮೆಯ ಊರಿನಲ್ಲಿ ಕುಳಿತು ಇದನ್ನು ಕುರಿತು ಯೋಚಿಸುವವನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಏಳದೆ ಇರದು.

ನಮ್ಮ ಮನಗೂಳಿಯ ಸುತ್ತ ಬೆಟ್ಟವೆಂದು ಕರೆಯಬಹುದಾದುದು ಯಾವುದೂ ಇಲ್ಲ. ಕಣ್ಣು ಹಾಯುವಷ್ಟು ದೂರ ಎರೆಯ ಹೊಲ, ಅದರಾಚೆ ಮುಗಿಲು. ಆದರೂ ಪ್ರತಿ ವರ್ಷ ನಮ್ಮ ರಸ್ತೆಯ ಅಂಚಿನಲ್ಲಿ ಅಲೆಮಾರಿ ದಂಪತಿಗಳು ಹಾದುಹೋಗುತ್ತಾರೆ. ಮುಂದೆ ಒಂದು ಕುದುರೆ. ಅದರ ಮೇಲೆ ಪಾತ್ರೆ, ಹಾಸಿಗೆ, ಹಿಟ್ಟಿನ ಚೀಲ, ಬಲೆಯೊಳಗಿಂದ ಇಣುಕುವ ಎಳೆಯ ಮರಿಗಳು. ಕುದುರೆಯ ಹಗ್ಗ ಹಿಡಿದವಳು ಹೆಂಡತಿ. ಹಿಂದೆ ನೂರಾರು ಕುರಿಗಳ ಹಿಂಡಿನೊಡನೆ, ಹೆಗಲಿಗೆ ಕಂಬಳಿ ಹೊದ್ದು ಬರುವವನು ಗಂಡ. ಅವರೂ ಮನೆ ಬಿಟ್ಟು ತಿಂಗಳುಗಟ್ಟಲೆ ನಡೆಯುವವರೇ. ಇವರನ್ನು ಸಾಹಸಿಗಳೆಂದು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಮೋಟಾರಿನವನು ದಾರಿ ಬಿಡಿರೆಂದು ಹಾರನ್ನು ಬಾರಿಸುತ್ತಾನೆ, ಅಷ್ಟೆ.

ಬೆಟ್ಟ ಸುತ್ತುವ ದಂಪತಿಗಳು ಇಂದು ನಿನ್ನೆಯವರಲ್ಲ. ಅಮೆರಿಕದ ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್ ಮತ್ತು ಆತನ ಪತ್ನಿ ಫ್ಯಾನಿ ಬುಲಕ್ ವರ್ಕ್‌ಮನ್ 19ನೆಯ ಶತಮಾನದ ಕೊನೆಯಲ್ಲಿ ಸೈಕಲ್ಲಿನ ಮೇಲೆ ಭಾರತವನ್ನು ಸುತ್ತಿದರು. ಆಮೇಲೆ 1912ರವರೆಗೆ ಮತ್ತೆ ಮತ್ತೆ ಬಂದು ಕಾರಾಕೋರಂ ಶ್ರೇಣಿಯ ಹಿಮನದಿಗಳನ್ನು ಅಳೆದರು. 1906ರಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ಫ್ಯಾನಿ ಸುಮಾರು 6,930 ಮೀಟರು ಎತ್ತರದ ಪಿನಕಲ್ ಶಿಖರವನ್ನೇರಿದಳು. ಅಷ್ಟು ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಎರಡು ಪಾಲು ಮಾತ್ರ. ಪ್ರತಿ ಹೆಜ್ಜೆಗೂ ಉಸಿರು ಕಟ್ಟುವ ಸ್ಥಳ ಅದು. ಆ ದಂಪತಿಗಳ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರ ಹೊರೆಯನ್ನು ಅದೇ ಹಿಮದ ಮೇಲೆ ಹೊತ್ತು ನಡೆದ ಬಾಲ್ಟಿಸ್ತಾನದ ಕೂಲಿಗಳ ಹೆಸರುಗಳು ಹೆಚ್ಚಾಗಿ ಉಳಿಯಲಿಲ್ಲ. ಸ್ವಂತ ಸಂತೋಷಕ್ಕಾಗಿ ನಡೆಯುವವನ ನಡಿಗೆ ಗ್ರಂಥವಾಗುತ್ತದೆ. ಹೊಟ್ಟೆಗಾಗಿ ನಡೆಯುವವನದು ಧೂಳಿನಲ್ಲಿಯೇ ಅಳಿಸಿಹೋಗುತ್ತದೆ. ನಮ್ಮ ಕುರಿಗಾರ ದಂಪತಿಗಳ ವಿಷಯದಲ್ಲಿಯೂ ಇದೇ ತಪ್ಪು ನಡೆಯುತ್ತಿದೆಯೆಂಬುದು ನನ್ನ ಅಭಿಪ್ರಾಯ. ಅವರು ದಿಕ್ಕಿಲ್ಲದೆ ತಿರುಗುವವರೆಂದು ನಾವು ಭಾವಿಸಿದ್ದೇವೆ. ನಿಜಕ್ಕೂ ಅವರ ಒಂದೊಂದು ಹೆಜ್ಜೆಗೂ ಕಾರಣವುಂಟು; ಆ ಕಾರಣಗಳನ್ನು ಪರಿಶೀಲಿಸಿದರೆ ವಿಜ್ಞಾನವೂ ಒಪ್ಪತಕ್ಕವು.

ಮೊದಲು ನೆಲವನ್ನೇ ನೋಡೋಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರಪದರವಾಗಿ ಹರಡಿ ಗಟ್ಟಿಯಾಯಿತು. ಬೆಳಗಾವಿಯಿಂದ ಉತ್ತರಕ್ಕೆ ಸಾಗುವ ಸಹ್ಯಾದ್ರಿಯ ಗೋಡೆಯೂ, ಬಿಜಾಪುರ ಸೀಮೆಯ ಬಯಲೂ ಬಹುಮಟ್ಟಿಗೆ ಆ ಒಂದೇ ಶಿಲೆಯಿಂದಾದುವು. ಶಿಲೆ ಒಂದೇ ಆದರೂ ಮಳೆ ಬೇರೆ. ಅರಬ್ಬೀ ಸಮುದ್ರದಿಂದ ಬರುವ ಮೋಡ ಬೆಟ್ಟವನ್ನೇರುವಾಗ ತಂಪಾಗಿ ತನ್ನ ನೀರನ್ನು ಅಲ್ಲಿಯೇ ಸುರಿಸಿಬಿಡುತ್ತದೆ; ಈಚೆ ಇಳಿಯುವ ಗಾಳಿ ಒಣಗಿದ್ದು. ಆದುದರಿಂದಲೇ ನಮ್ಮ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಸಹ್ಯಾದ್ರಿಯ ನೆತ್ತಿಯ ಮೇಲೆ ಅದರ ಐದಾರು ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಜಡಿಮಳೆಯ ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಒಣ ನಾಡಿನ ಬೇಸಗೆಯಲ್ಲಿ ಅದಕ್ಕೆ ಮೇವು ಸಿಕ್ಕದು. ಎರಡನ್ನೂ ತಪ್ಪಿಸಬೇಕಾದರೆ ಕಾಲಕ್ಕೆ ತಕ್ಕಂತೆ ಬಯಲಿಗೂ ಬೆಟ್ಟದ ಅಂಚಿಗೂ ನಡುವೆ ನಡೆಯದೆ ಗತ್ಯಂತರವಿಲ್ಲ.

ಬೇಸಾಯದ ಕ್ರಮವೂ ಇದಕ್ಕೆ ಹೊಂದಿಕೊಂಡಿತ್ತು. ನಮ್ಮದು ಹಿಂಗಾರಿ ಸೀಮೆ. ಎರೆಮಣ್ಣು ನೀರು ಕುಡಿದು ಉಬ್ಬಿ, ಅದನ್ನು ಬಹುಕಾಲ ಹಿಡಿದಿಡುತ್ತದೆ. ಒಕ್ಕಲಿಗರು ಮುಂಗಾರಿನಲ್ಲಿ ಎಷ್ಟೋ ಹೊಲಗಳನ್ನು ಬೀಳುಬಿಟ್ಟು, ಆ ಹಸಿಯ ಬಲದಿಂದ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬೆಳೆಯುತ್ತಿದ್ದರು. ಬೀಳು ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಬಿತ್ತನೆಯಾದ ಮೇಲೆ ಹಿಂಡಿಗೆ ಇಲ್ಲಿ ಸ್ಥಳವಿಲ್ಲ; ಅದೇ ಹೊತ್ತಿಗೆ ಪಶ್ಚಿಮದಲ್ಲಿ ಮಳೆ ನಿಂತು ಭತ್ತದ ಕೊಯ್ಲು ಹತ್ತಿರವಾಗಿರುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ ಕಡೆಯ ಕುರುಬರು ದೀಪಾವಳಿಯ ಬಳಿಕ ಮಲೆಯ ದಿಕ್ಕಿಗೆ ಹೊರಡುವುದರ ಮರ್ಮ ಇದು. ಅವರ ಪಂಚಾಂಗವೆಂದರೆ ಮಳೆ, ಹುಲ್ಲು ಮತ್ತು ಕೊಯ್ಲು.

ಹೊಲದಲ್ಲಿ ಕುರಿ ತರುಬಿಸುವ ಪದ್ಧತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ರಾತ್ರಿ ಹಿಂಡನ್ನು ಹೊಲದಲ್ಲಿ ಕೂಡಿಹಾಕುವುದು. ಅದಕ್ಕೆ ಹೊಲದವರು ಕಾಳನ್ನೋ ಹಣವನ್ನೋ ಕೊಡುವುದು. ಕುರಿಯ ಹಿಕ್ಕೆಯಲ್ಲಿ ದನದ ಸಗಣಿಗಿಂತ ಸಾರಜನಕ ಹೆಚ್ಚು. ಕೊಟ್ಟಿಗೆಯಲ್ಲಿ ವ್ಯರ್ಥವಾಗಿ ಹೋಗುವ ಮೂತ್ರವೂ ಇಲ್ಲಿ ನೇರವಾಗಿ ಮಣ್ಣಿಗೆ ಸೇರುತ್ತದೆ. ಗೊಬ್ಬರವನ್ನು ಹೇರಿ ತರುವ ಬಂಡಿಯಾಗಲಿ, ಹರಡುವ ಆಳಾಗಲಿ ಬೇಡ. ಗೊಬ್ಬರವೇ ತನ್ನ ಕಾಲ ಮೇಲೆ ನಡೆದು ಬರುತ್ತದೆ!

ಇದರಲ್ಲಿ ಇನ್ನೊಂದು ಗುಣವುಂಟು. ಹಿಕ್ಕೆಯೊಡನೆ ಹೊರಬೀಳುವ ಜಂತುಗಳ ಮೊಟ್ಟೆಯೊಡೆದು, ಮರಿಹುಳು ಹುಲ್ಲಿಗೇರಿ ಮತ್ತೊಂದು ಕುರಿಯನ್ನು ಸೇರುವಷ್ಟು ಬಲಿಯಲು ಸುಮಾರು ಒಂದು ವಾರ ಬೇಕು. ಹಿಂಡು ಅಷ್ಟರೊಳಗೆ ಮುಂದಿನ ಊರನ್ನು ಸೇರಿರುತ್ತದೆ. ನಡಿಗೆಯೇ ಇಲ್ಲಿ ಅರ್ಧ ಔಷಧಿ.

ಈ ವ್ಯವಸ್ಥೆಯಲ್ಲಿ ಗಂಡಹೆಂಡಿರ ಜೋಡಿ ಅಲಂಕಾರಕ್ಕಾಗಿ ಇರುವುದಲ್ಲ. ಗಂಡ ಹಗಲೆಲ್ಲ ಹಿಂಡಿನ ಹಿಂದೆ. ಬಿಡಾರ ಕೀಳುವುದು, ಹೂಡುವುದು, ನೀರು ಸೌದೆ ತರುವುದು, ರೊಟ್ಟಿ ಬಡಿಯುವುದು, ಹಿಂಡಿನೊಡನೆ ನಡೆಯಲಾರದ ಮರಿಗಳನ್ನೂ ಬೇನೆ ಬಿದ್ದ ಕುರಿಗಳನ್ನೂ ನೋಡಿಕೊಳ್ಳುವುದು, ಇವೆಲ್ಲ ಹೆಂಡತಿಯ ಪಾಲು. ಮರಿ ಉಳಿದರೆ ಮುಂದಿನ ವರ್ಷದ ಬದುಕು ಉಳಿಯಿತು. ಆದರೂ ಕುರಿಗಾರನೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗಂಡಸಿನ ಚಿತ್ರ ಒಂದೇ.

ವಾಚಕರು ನನ್ನನ್ನು ತಪ್ಪು ತಿಳಿಯಬಾರದು. ಈ ಜೀವನವು ರಮ್ಯವೆಂದು ನಾನು ಹೇಳುತ್ತಿಲ್ಲ. ಬಯಲಿನಲ್ಲಿ ಹೆರಿಗೆ, ಅರ್ಧಕ್ಕೆ ನಿಂತ ಮಕ್ಕಳ ಓದು, ರಾತ್ರಿಯ ಕಳ್ಳರು, ತೋಳದ ಭಯ: ಇವುಗಳನ್ನು ಹಾಡಿ ಹೊಗಳುವುದು ಕ್ರೂರವಾದೀತು. ಹಿಂಡು ಹೆಚ್ಚಾಗಿ ನೆಲ ಕಡಮೆಯಾದಲ್ಲಿ ಎಳೆಯ ಸಸಿಗಳಿಗೆ ಹಾನಿಯಾಗುವುದೂ ಸುಳ್ಳಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಈಗ ಆಲಮಟ್ಟಿಯ ನೀರು ಏತ ನೀರಾವರಿಯಿಂದ ನಮ್ಮ ಹೊಲಗಳಿಗೆ ಬಂದಿದೆ. ಬೀಳಿದ್ದ ನೆಲದಲ್ಲಿ ಕಬ್ಬು, ತೊಗರಿಗಳು ಎದ್ದಿವೆ. ರೈತನಿಗೆ ಇದು ಭಾಗ್ಯವೇ ಸರಿ, ಯಾರೂ ಬೇಡವೆನ್ನಲಾರರು. ಆದರೆ ಹಿಂಡಿನ ದಾರಿ ಅಷ್ಟಷ್ಟೇ ಕಿರಿದಾಗಿದೆ. ದಾರಿ ಕಿರಿದಾದಷ್ಟೂ ಇರುವ ಹುಲ್ಲಿನ ಮೇಲೆ ಕುರಿಗಳ ಒತ್ತಡ ಹೆಚ್ಚುತ್ತದೆ. ಆಗ ದೋಷವನ್ನೆಲ್ಲ ಕುರಿಗಾರನ ಮೇಲೆ ಹೊರಿಸುವುದು ನ್ಯಾಯವೇ?

ಹಾಗಾದರೆ ಮಾಡತಕ್ಕದ್ದೇನು? ಕುರಿಗಾರರನ್ನು ಒಂದೆಡೆ ಕೂಡಿಸಿಬಿಡಬೇಕೆಂದು ಕೆಲವರೂ, ಅವರು ಸದಾ ಹಾಗೆಯೇ ನಡೆಯುತ್ತಿರಲೆಂದು ಮತ್ತೆ ಕೆಲವರೂ ಹೇಳುವುದುಂಟು. ಎರಡೂ ಪರರ ಬಾಳನ್ನು ನಾವು ತೀರ್ಮಾನಿಸುವ ಮಾತುಗಳೇ. ನನ್ನ ಮಟ್ಟಿಗೆ, ನಡೆಯಬೇಕೆನ್ನುವವರಿಗೆ ದಾರಿ ಸುರಕ್ಷಿತವಾಗಿರಬೇಕು; ನಿಲ್ಲಬೇಕೆನ್ನುವವರಿಗೆ ನಿಲ್ಲುವ ಶಕ್ತಿ ಬರಬೇಕು. ಇದಕ್ಕೆ ಬೇಕಾದ ಉಪಾಯಗಳು ಅಸಾಧ್ಯವಾದವುಗಳಲ್ಲ. ಕುರಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಪಿ.ಪಿ.ಆರ್. ಎಂಬ ರೋಗಕ್ಕೆ ಹಿಮಾಲಯದ ಮುಕ್ತೇಶ್ವರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾಲಯವು ಒಳ್ಳೆಯ ಲಸಿಕೆಯನ್ನು ಕಂಡುಹಿಡಿದಿದೆ. 2030ರೊಳಗೆ ಆ ರೋಗವನ್ನು ಜಗತ್ತಿನಿಂದಲೇ ಅಳಿಸುವ ಸಂಕಲ್ಪವೂ ಇದೆ. ಲಸಿಕೆಯವನು ಊರಿಗೆ ಬರುವ ಹೊತ್ತಿಗೆ ಹಿಂಡು ಊರು ಬಿಟ್ಟಿದ್ದರೆ ಆ ಸಂಕಲ್ಪ ಫಲಿಸೀತೇ? ಕುರಿಗಾರರ ಪಂಚಾಂಗವನ್ನು ನೋಡಿ, ಹೊರಡುವ ಮುನ್ನವೇ ಸೂಜಿ ಚುಚ್ಚಬೇಕು. ಹಿಂಡಿನ ದಾರಿಗಳನ್ನೂ ತಂಗುದಾಣಗಳನ್ನೂ ನೀರಿನ ಸ್ಥಳಗಳನ್ನೂ ನಕ್ಷೆಗಿಳಿಸಿ, ಉಳಿದ ಗೋಮಾಳಗಳನ್ನಾದರೂ ಕಾಯ್ದಿಡಬೇಕು. ತಂದೆತಾಯಿಗಳು ನಡೆಯುವ ತಿಂಗಳುಗಳಲ್ಲಿ ಮಕ್ಕಳು ಊರಲ್ಲಿದ್ದು ಓದುವುದಕ್ಕೆ ವಸತಿಯ ಏರ್ಪಾಡಿರಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಅಲೆಮಾರಿ ಪಶುಪಾಲಕರು ಕಾಲಾನುಸಾರ ಅರಣ್ಯವನ್ನು ಬಳಸುವ ಹಕ್ಕನ್ನು ಹೆಸರಿಸಿದೆ. ಕಾಗದದ ಮೇಲಿರುವ ಆ ಮಾತು ಹಿಂಡಿನ ದಾರಿಯಲ್ಲಿ ನಿಜವಾಗಬೇಕು.

ಹೊರಗಿನ ಜಗತ್ತು ಈ ವಿಷಯದಲ್ಲಿ ಕಣ್ದೆರೆಯುತ್ತಿದೆ. ಋತುವಿಗನುಸಾರ ಹಿಂಡಿನೊಡನೆ ಬೆಟ್ಟವೇರಿ ಇಳಿಯುವ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2019ರಲ್ಲಿ ಆಸ್ಟ್ರಿಯ, ಗ್ರೀಸ್ ಮತ್ತು ಇಟಲಿಗಳ ಹೆಸರಿನಲ್ಲಿ ಮಾನವಕುಲದ ಪರಂಪರೆಯೆಂದು ಮನ್ನಿಸಿತು. 2023ರಲ್ಲಿ ಅದು ಯೂರೋಪಿನ ಹತ್ತು ದೇಶಗಳಿಗೆ ವಿಸ್ತರಿಸಿತು. 2026ನೆಯ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆ ಸಾರಿತು. ಆಲ್ಪ್ಸಿನ ಕುರುಬನ ನಡಿಗೆ ಪರಂಪರೆಯಾಗಬಹುದಾದರೆ, ಸಹ್ಯಾದ್ರಿಯ ಅಂಚಿಗೆ ನಡೆಯುವ ಕನ್ನಡದ ಕುರುಬನದು ಹೇಗೆ ಕೇವಲ ಅಲೆದಾಟವಾದೀತು?

ಪರ್ವತಗಳನ್ನು ಸುತ್ತುವ ದಂಪತಿಗಳನ್ನು ಮೆಚ್ಚೋಣ. ಅವರಿಂದ ಕಲಿಯುವುದೂ ಉಂಟು. ಅವರು ಬೇಸತ್ತ ದಿನ ಮನೆಗೆ ಹಿಂದಿರುಗಬಲ್ಲರು. ಹಿಂಡಿನೊಡನೆ ನಡೆಯುವ ದಂಪತಿಗಳಿಗೆ ಆ ಆಯ್ಕೆ ಇನ್ನೂ ದಕ್ಕಿಲ್ಲ. ಅದು ದಕ್ಕುವವರೆಗೆ, ಮುಂದಿನ ಸಲ ಮನಗೂಳಿಯ ದಾರಿಯಲ್ಲಿ ಹಿಂಡು ಎದುರಾದಾಗ, ಗಾಡಿಯನ್ನು ನಿಲ್ಲಿಸಿ ಅವರನ್ನು ಮುಂದೆ ಹೋಗಗೊಡುವುದಾದರೂ ನಮ್ಮ ಕೈಯಲ್ಲಿದೆ. ಹಾಗೆ ನಿಂತ ಹೊತ್ತಿನಲ್ಲಿ, ಈ ಸಲ ಮಳೆ ಎತ್ತ ಕಡೆ ಚೆನ್ನಾಗಿದೆಯೆಂದು ಅವರನ್ನು ಕೇಳಿ ನೋಡಿರಿ. ಅವರಿಗೆ ಗೊತ್ತಿರುತ್ತದೆ.