ಪಯಣಕ್ಕೊಂದು ಹಲಗೆ

‘ಟ್ಯಾಬ್ಲೆಟ್’ ಎಂದೊಡನೆ ನಮ್ಮ ತಾಯಿಯವರಿಗೆ ನೆನಪಾಗುತ್ತಿದ್ದುದು ರಕ್ತದೊತ್ತಡದ ಮಾತ್ರೆ. ಅದೇ ಹೆಸರಿನ ಗಣಕಯಂತ್ರವೊಂದು ಉಂಟೆಂದೂ, ನೋಟಕ್ಕೆ ಅದು ನಾವು ಬಳಪ ಹಿಡಿದು ಗೀಚುತ್ತಿದ್ದ ಸ್ಲೇಟಿನಂತೆಯೇ ಇರುವುದೆಂದೂ ತಿಳಿಸಿದಾಗ ಅವರು ನಕ್ಕು, “ಹಾಗಾದರೆ ಈ ವಯಸ್ಸಿನಲ್ಲಿ ನನಗೆ ಮತ್ತೊಮ್ಮೆ ಅಕ್ಷರಾಭ್ಯಾಸ ಅನ್ನು” ಎಂದಿದ್ದರು.

ವರ್ಷಕ್ಕೆ ಮೂರು ನಾಲ್ಕು ಬಾರಿ ಅವರು ಮೈಸೂರಿನಿಂದ ಧಾರವಾಡಕ್ಕೆ, ನನ್ನ ತಂಗಿಯ ಮನೆಗೆ, ರಾತ್ರಿಯ ರೈಲಿನಲ್ಲಿ ಹೋಗಿಬರುತ್ತಾರೆ. ಕಾದಂಬರಿಯಿಲ್ಲದೆ ಪ್ರಯಾಣ ಮಾಡಿದವರಲ್ಲ. ಆದರೆ ಕನ್ನಡಕ ಎರಡು ಬಾರಿ ಬದಲಾದರೂ ಪುಸ್ತಕದ ಸಣ್ಣ ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದೆಂಬ ಒಂದೇ ಆಸೆಯಿಂದ, ತಮ್ಮ ಪಿಂಚಣಿಯ ಹಣದಲ್ಲಿ ಆರು ಸಾವಿರ ರೂಪಾಯಿ ಎಣಿಸಿ ನನ್ನ ಕೈಗಿತ್ತರು.

ಅಂಗಡಿಯಲ್ಲಿ ನಾನು ನೋಡಿದ್ದು ಎರಡನ್ನೇ: ಬೆಲೆ ಮತ್ತು ಹೊಳಪು. ಹತ್ತು ಅಂಗುಲದ ದೊಡ್ಡ ಯಂತ್ರ ಇಷ್ಟು ಅಗ್ಗಕ್ಕೆ ದೊರೆಯಿತೆಂದು ಹಿಗ್ಗಿ ಮನೆಗೆ ತಂದೆ. ತಿಂಗಳೊಳಗೆ ಅದರ ಬಣ್ಣ ಬಯಲಾಯಿತು. ಬೆರಳಿಟ್ಟರೆ ಅದು ಯೋಚಿಸುತ್ತ ಕೂರುತ್ತಿತ್ತು. ಅಮ್ಮ ಮತ್ತೊಮ್ಮೆ ಮುಟ್ಟಿದರೆ ಎರಡು ಸ್ಪರ್ಶವನ್ನೂ ಒಟ್ಟಿಗೆ ಗ್ರಹಿಸಿ ಬೇರೆಲ್ಲಿಗೋ ಹಾರುತ್ತಿತ್ತು. ನಾಲ್ಕು ಪುಸ್ತಕ, ಮೊಮ್ಮಗಳ ಹತ್ತಿಪ್ಪತ್ತು ಚಿತ್ರ ಸೇರುವಷ್ಟರಲ್ಲಿ ‘ಜಾಗವಿಲ್ಲ’ ಎಂದಿತು. ಒಂದು ದಿನ ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, “ನನಗೆ ಇದೆಲ್ಲ ಬರುವುದಿಲ್ಲ ಕಣಪ್ಪ, ಮಕ್ಕಳಿಗೆ ಕೊಟ್ಟುಬಿಡು” ಎಂದರು.

ಹಣ ಹೋದುದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ದೋಷ ಯಂತ್ರದ್ದು, ಅದನ್ನು ಆರಿಸಿದ ನನ್ನದು. ಅವರಾದರೋ ಅದನ್ನು ತಮ್ಮ ವಯಸ್ಸಿನ ದೋಷವೆಂದು ಒಪ್ಪಿಕೊಂಡಿದ್ದರು. ಎಷ್ಟೋ ಮನೆಗಳಲ್ಲಿ ಹಿರಿಯರು ಹೀಗೆಯೇ ಸೋಲೊಪ್ಪಿರಬೇಕು. ಆದುದರಿಂದ ಎರಡನೆಯ ಸಲ ವಿಚಾರಿಸಿ ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇನೆ.

ಅಗ್ಗದ ಹಲಗೆಯ ಪಾಠವನ್ನು ನಮ್ಮ ದೇಶವೇ ಒಮ್ಮೆ ಕಲಿತಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ 7 ಅಂಗುಲದ ಟ್ಯಾಬ್ಲೆಟನ್ನು ಹೊರತಂದಿತು. ಉದ್ದೇಶ ಉದಾತ್ತವೇ. ಆದರೆ ಅದರ ರ್ಯಾಮ್ 256 ಎಂ.ಬಿ. ಮಾತ್ರ, ಪರದೆಯೋ, ಬೆರಳು ಸೋಕಿದರೆ ಸಾಲದು, ಒತ್ತಬೇಕು. ಮರುವರ್ಷ ಬಂದ ಎರಡನೆಯ ಆಕಾಶ್‌ನಲ್ಲಿ ರ್ಯಾಮನ್ನು ಇಮ್ಮಡಿಗೊಳಿಸಿ, ಸೋಕಿದರೆ ಸಾಕೆನ್ನುವ ಪರದೆ ಇಟ್ಟರು. ಬೆಲೆ ಇಳಿಸುವುದಕ್ಕೂ ಒಂದು ಮಿತಿ ಉಂಟು. ಅದನ್ನು ದಾಟಿದರೆ ಉಳಿದ ಹಣವೂ ನಷ್ಟದ ಬಾಬತ್ತೇ.

ಮೊದಲು ಗಾತ್ರದ ಮಾತು. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2010ರಲ್ಲಿ, 7 ಅಂಗುಲದ ಟ್ಯಾಬ್ಲೆಟುಗಳು ಹುಟ್ಟುತ್ತಲೇ ಸಾಯುವುವೆಂದು ಭವಿಷ್ಯ ನುಡಿದಿದ್ದರು. ಎರಡೇ ವರ್ಷಗಳಲ್ಲಿ ಅವರ ಸಂಸ್ಥೆಯೇ 7.9 ಅಂಗುಲದ ಐಪ್ಯಾಡ್ ಮಿನಿಯನ್ನು ಮಾರುಕಟ್ಟೆಗೆ ತಂದಿತು. ಕೈಚೀಲದಲ್ಲಿ ಹಿಡಿಸುವ, ಒಂದೇ ಕೈಯಲ್ಲಿ ಹಿಡಿದು ಓದಬಹುದಾದ ಯಂತ್ರವನ್ನು ಜನ ಬಯಸಿದ್ದರು. ಪ್ರಯಾಣಕ್ಕೆ 8ರಿಂದ 9 ಅಂಗುಲದ್ದೇ ಹಿತ. ಇಂಥದು ಸುಮಾರು 300ರಿಂದ 370 ಗ್ರಾಂ ತೂಗಿದರೆ, 11 ಅಂಗುಲದ್ದು ಅರ್ಧ ಕಿಲೋ ಸಮೀಪಿಸುತ್ತದೆ. ಮೇಜಿನ ಮೇಲೆ ಈ ಅಂತರ ಅಲ್ಪವೆನಿಸೀತು. ಮೇಲಿನ ಬರ್ತಿನಲ್ಲಿ ಮಲಗಿ ಮುಖದ ಮೇಲೆ ಹಿಡಿದವರಿಗೆ ಅದರ ಮಹತ್ವ ತಿಳಿದೀತು.

ಅಂಗುಲದ ಲೆಕ್ಕ ಪರದೆಯ ಕರ್ಣದ್ದೆಂಬುದನ್ನು ಮರೆಯಬಾರದು. ಉದ್ದ ಅಗಲಗಳ ಪ್ರಮಾಣ 16ಕ್ಕೆ 10 ಇದ್ದರೆ ಚಲನಚಿತ್ರಕ್ಕೆ ಚೆನ್ನ. 4ಕ್ಕೆ 3 ಇದ್ದರೆ ಪುಸ್ತಕದ ಪುಟಕ್ಕೆ ಚೆನ್ನ. ಮನೆಯವರು ಹೆಚ್ಚಾಗಿ ಮಾಡುವುದೇನು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕು.

ಕನ್ನಡ ಓದುವವರಿಗೆ ಇನ್ನೊಂದು ಸೂಕ್ಷ್ಮವುಂಟು. ನಮ್ಮ ಒತ್ತಕ್ಷರಗಳು ಅಕ್ಷರದ ಅಡಿಯಲ್ಲಿ ಪುಟ್ಟದಾಗಿ ಕುಳಿತಿರುತ್ತವೆ. ಪರದೆಯ ಚುಕ್ಕೆಗಳು ವಿರಳವಾದರೆ ಮೊದಲು ಮಸುಕಾಗುವುವು ಅವೇ. 8 ಅಂಗುಲದ ಪರದೆಯಲ್ಲಿ 1280ಕ್ಕೆ 800 ಚುಕ್ಕೆಗಳಿದ್ದರೆ ಅಂಗುಲಕ್ಕೆ ಸುಮಾರು 190 ಬೀಳುತ್ತವೆ. ಅಕ್ಷರ ದೊಡ್ಡದು ಮಾಡಿ ಓದುವವರಿಗೆ ಇಷ್ಟು ಸಾಕು. 1920ಕ್ಕೆ 1200 ಇದ್ದರೆ ಅಂಗುಲಕ್ಕೆ 280ರ ಮೇಲಾಗುವುದರಿಂದ ಸಣ್ಣ ಅಕ್ಷರವೂ ಅಚ್ಚು ಹಾಕಿದಂತೆ ಕಾಣುವುದು.

ಇನ್ನು ಒಳಗಿನ ಸಂಗತಿ. ರ್ಯಾಮ್ ಎಂಬುದು ಅಡಿಗೆಮನೆಯ ಕಟ್ಟೆ; ಸಂಗ್ರಹವೆಂಬುದು ಉಗ್ರಾಣ. ಕಟ್ಟೆ ಕಿರಿದಾದರೆ ಕೆಲಸ ನಿಧಾನ. ಉಗ್ರಾಣ ಕಿರಿದಾದರೆ ಸಾಮಾನಿಗೆ ಜಾಗವಿಲ್ಲ. ಇಂದಿನ ದಿನಬಳಕೆಗೆ 4 ಜಿ.ಬಿ. ರ್ಯಾಮ್, 64 ಜಿ.ಬಿ. ಸಂಗ್ರಹ ಇರಲೇಬೇಕು. ಯಂತ್ರದ ಸ್ವಂತ ತಂತ್ರಾಂಶವೇ ಸಂಗ್ರಹದ ಒಂದು ಪಾಲನ್ನು ನುಂಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಕಿಂಡಿಯಿದ್ದರೆ ಪುಸ್ತಕ, ಸಂಗೀತಗಳನ್ನು ಅದರಲ್ಲಿರಿಸಬಹುದು. ಪೆಟ್ಟಿಗೆಯ ಮೇಲೆ ‘4+4 ಜಿ.ಬಿ. ರ್ಯಾಮ್’ ಎಂದಿದ್ದರೆ ಮರುಳಾಗಬೇಡಿ. ಎರಡನೆಯ ನಾಲ್ಕು, ಉಗ್ರಾಣದ ಮೂಲೆಯೊಂದನ್ನು ಎರವಲು ತಂದು ಕಟ್ಟೆಯೆಂದು ಕರೆದುದು.

ಸಿಮ್ ಇರುವುದನ್ನು ಕೊಳ್ಳಬೇಕೇ, ವೈಫೈ ಮಾತ್ರ ಸಾಕೇ? ಜೊತೆಯಲ್ಲಿ ಒಳ್ಳೆಯ ಮೊಬೈಲ್ ಇದ್ದರೆ ಅದರ ಹಾಟ್‌ಸ್ಪಾಟಿನಿಂದಲೇ ಅಂತರ್ಜಾಲ ಪಡೆಯಬಹುದು. ಎರಡು ಮೂರು ಸಾವಿರ ಉಳಿದೀತು. ಎರಡು ಯಂತ್ರಗಳನ್ನು ಹೊಂದಿಸುವುದು ತ್ರಾಸವೆನ್ನುವ ಹಿರಿಯರಿಗೆ ಸಿಮ್ ಇರುವುದೇ ವಾಸಿ. ಊರೂರು ಸುತ್ತುವವರು ಜಿಪಿಎಸ್ ಉಂಟೇ ಎಂದೂ ಕೇಳಬೇಕು. ವೈಫೈ ಮಾತ್ರದ ಐಪ್ಯಾಡುಗಳಲ್ಲಿ ಅದಿಲ್ಲ. ಜಿಪಿಎಸ್ ಇದ್ದರೆ, ಮನೆಯಲ್ಲೇ ಇಳಿಸಿಕೊಂಡ ನಕ್ಷೆ ಅಂತರ್ಜಾಲವಿಲ್ಲದ ಘಟ್ಟದಲ್ಲೂ ದಾರಿ ತೋರಿಸುತ್ತದೆ.

ಚಲನಚಿತ್ರಪ್ರಿಯರು ‘ವೈಡ್‌ವೈನ್ ಎಲ್1’ ಎಂಬ ಅನುಮತಿಯನ್ನು ವಿಚಾರಿಸಲಿ. ಅದಿಲ್ಲದ ಆಂಡ್ರಾಯ್ಡ್ ಯಂತ್ರದಲ್ಲಿ, ಪರದೆ ಎಷ್ಟು ಸೊಗಸಾಗಿದ್ದರೂ, ಚಂದಾ ತೆತ್ತು ನೋಡುವ ಹಲವು ಸೇವೆಗಳ ಚಿತ್ರ ಮಂಕಾಗಿಯೇ ಬರುವುದು.

ಬ್ಯಾಟರಿ 5,000 ಎಂ.ಎ.ಎಚ್.ಗೆ ಕಡಿಮೆಯಿರದಿರಲಿ, ಚಾರ್ಜಿನ ತೂತು ಟೈಪ್-ಸಿ ಆಗಿರಲಿ. ಮನೆಯ ಮೊಬೈಲಿನ ವೈರೇ ಇದಕ್ಕೂ ಆದೀತು. ರೈಲಿನ ಬೋಗಿಗಳಲ್ಲಿ ರಾತ್ರಿ ಚಾರ್ಜಿಂಗ್ ನಿಲ್ಲಿಸುವುದುಂಟಾದ್ದರಿಂದ ಹೊರಡುವ ಮುನ್ನ ಪೂರ್ತಿ ತುಂಬಿಸಿಕೊಳ್ಳುವುದು ಲೇಸು. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇರಿಸಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 20,000 ಎಂ.ಎ.ಎಚ್. ಎಂದರೆ ಸುಮಾರು 74.

ಕೊನೆಯದಾಗಿ, ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಬರುವುದೆಂದು ಕೇಳಿ. ಅದು ನಿಂತ ಯಂತ್ರದಲ್ಲಿ ಕಥೆ ಓದಬಹುದು. ಬ್ಯಾಂಕಿನ ವ್ಯವಹಾರ ಸಲ್ಲದು. ನಿಮ್ಮ ಊರಿನಲ್ಲಿ ದುರಸ್ತಿಯ ಕೇಂದ್ರವಿದೆಯೇ ಎಂಬುದನ್ನೂ ಆಗಲೇ ವಿಚಾರಿಸಿಬಿಡಿ.

ಐಪ್ಯಾಡ್ ಮಿನಿ ಶ್ರೇಷ್ಠವೇ, ಸಂದೇಹವಿಲ್ಲ. ಆದರೆ 2024ರಲ್ಲಿ ಬಂದ ಮಾದರಿಗೆ ಆಗ ಇಲ್ಲಿ ಆರಂಭದ ಬೆಲೆಯೇ 49,900 ರೂಪಾಯಿ ಇತ್ತು. ಓದು, ವಾರ್ತೆ, ಮಕ್ಕಳೊಡನೆ ಮುಖ ನೋಡಿ ಮಾತು—ಇಷ್ಟಕ್ಕೆ ಅದರ ಮೂರನೆಯ ಒಂದು ಪಾಲು ಹಣ ಸಾಕು.

ಎರಡನೆಯ ಸಲ ನಾನು ಒಬ್ಬನೇ ಹೋಗಲಿಲ್ಲ. “ನನ್ನನ್ನೇಕೆ ಕರೆಯುತ್ತೀಯೆ, ನನಗೇನು ತಿಳಿಯುತ್ತದೆ?” ಎನ್ನುತ್ತಲೇ ಅಮ್ಮ ಬಂದರು. ಪ್ರದರ್ಶನಕ್ಕಿಟ್ಟ ಯಂತ್ರಗಳಲ್ಲಿ ಒಂದೊಂದರಲ್ಲೂ ಕನ್ನಡ ಪುಟವೊಂದನ್ನು ತೆರೆಯಿಸಿ, ಹತ್ತು ಹತ್ತು ನಿಮಿಷ ಕೈಯಲ್ಲಿ ಹಿಡಿದು ಓದಲು ಕೊಟ್ಟೆ. ಮೂರನೆಯದನ್ನು ಅವರು ಕೆಳಗಿಡಲಿಲ್ಲ. “ಇದು ಹೇಳಿದ ಮಾತು ಕೇಳುತ್ತದೆ” ಎಂದರು. 8.7 ಅಂಗುಲದ, ಸಿಮ್ ಹಾಕಬಹುದಾದ ಸಾಧಾರಣ ಯಂತ್ರ. ಈ ಬಾರಿ ಹಣ ನನ್ನದು.

ಕಳೆದ ತಿಂಗಳು ಅವರನ್ನು ಧಾರವಾಡದ ರೈಲಿಗೆ ಹತ್ತಿಸಿಬಂದೆ. ಮರುದಿನ ಬೆಳಿಗ್ಗೆ, ಕಾಫಿಯ ಹೊತ್ತಿಗೆ, ಅವರೇ ಕನ್ನಡದಲ್ಲಿ ಬೆರಳಚ್ಚಿಸಿದ ಸಂದೇಶ ಬಂತು: “ಹಾವೇರಿ ದಾಟಿತು. ಕಾದಂಬರಿ ಮುಗಿಯಿತು. ಬರುವಾಗ ಓದಲು ಇನ್ನೊಂದನ್ನು ಹೇಗೆ ಇಳಿಸಿಕೊಳ್ಳುವುದು, ಬರೆ.”