ಸಫಾರಿಯ ಲಾಭ ಯಾರಿಗೆ, ನಷ್ಟ ಯಾರಿಗೆ?

ಆಫ್ರಿಕಾದಿಂದ ಕೋಲಾರ ಜಿಲ್ಲೆ ಕಲಿಯಬೇಕಿರುವುದು ಪ್ರಾಣಿ ತೋರಿಸುವ ಕಲೆಯನ್ನಲ್ಲ, ಹಣ ಹಂಚುವ ಕ್ರಮವನ್ನು

ಕೆನ್ಯಾದ ಮಸಾಯಿ ಮಾರಾ ವನ್ಯಧಾಮದಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿ ಪ್ರವಾಸಿ ಒಂದು ದಿನಕ್ಕೆ ಕಟ್ಟಬೇಕಾದ ಪ್ರವೇಶ ಶುಲ್ಕ 200 ಡಾಲರ್. 2024ರಲ್ಲಿ ಜಾರಿಗೆ ಬಂದ ದರ ಇದು. ರುವಾಂಡಾದಲ್ಲಿ ಪರ್ವತ ಗೊರಿಲ್ಲಾಗಳ ಎದುರು ಒಂದು ಗಂಟೆ ಕಳೆಯಲು 1,500 ಡಾಲರ್, ಅಂದರೆ ಒಂದೂಕಾಲು ಲಕ್ಷ ರೂಪಾಯಿಗೂ ಹೆಚ್ಚು. ವಿಮಾನ, ವಾಹನ, ವಸತಿಯ ಖರ್ಚು ಸೇರಿದರೆ ಎರಡು ಮೂರು ದೇಶಗಳ ಉದ್ಯಾನಗಳನ್ನು ಸುತ್ತಿಬರಲು ತಲೆಗೆ ಹಲವು ಲಕ್ಷ ಬೇಕು. ಹಾಗಿದ್ದೂ ಆರೆಂಟು ಜನ ಗುಂಪು ಕಟ್ಟಿಕೊಂಡು ಹೋಗುವ ಇಂಥ ಪ್ರವಾಸ ಇಂದು ಬೆಂಗಳೂರಿನ ಸಿರಿವಂತರಿಗಷ್ಟೇ ಎಟಕುವಂಥದ್ದಾಗಿ ಉಳಿದಿಲ್ಲ. ನರಸಾಪುರ, ಮಾಲೂರಿನ ಕಾರ್ಖಾನೆಗಳು, ಹೊಸಕೋಟೆಯಿಂದ ಮಾಲೂರಿನ ಮೂಲಕ ಹಾದುಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ, ಅವುಗಳ ಜೊತೆಗೇ ಏರಿದ ಜಮೀನಿನ ಬೆಲೆ ಕೋಲಾರ ಸೀಮೆಯಲ್ಲೂ ಅಷ್ಟು ಹಣ ಹೊಂದಿಸಬಲ್ಲ ಒಂದು ವರ್ಗವನ್ನು ಬೆಳೆಸಿವೆ.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಆನೆ ನೋಡಲು ಯಾರೂ ದುಡ್ಡು ಕಟ್ಟಬೇಕಿಲ್ಲ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಹೊಲಗಳಿಗೆ ಅದು ಕರೆಯದೇ ಬರುತ್ತದೆ. 1980ರ ದಶಕದಲ್ಲಿ ಹೊಸೂರು ಭಾಗದ ಕಾಡುಗಳಿಂದ ಆನೆಗಳು ಚಿತ್ತೂರು ಜಿಲ್ಲೆಗೆ ದಾಟಿದವು. ಅವುಗಳಿಗಾಗಿ ಆಂಧ್ರಪ್ರದೇಶ ಸರ್ಕಾರ 1990ರಲ್ಲಿ ಕುಪ್ಪಂ, ಪಲಮನೇರು ಭಾಗದ ಸುಮಾರು 357 ಚದರ ಕಿ.ಮೀ. ಕಾಡನ್ನು ಕೌಂಡಿನ್ಯ ಅಭಯಾರಣ್ಯವೆಂದು ಘೋಷಿಸಿತು. ಆ ಕಾಡಿಗೂ ಹೊಸೂರಿನ ಕಾಡಿಗೂ ನಡುವೆ ಓಡಾಡುವ ಹಿಂಡುಗಳಿಗೆ ನಮ್ಮ ಗಡಿ ಹಳ್ಳಿಗಳೇ ದಾರಿ. ಹೊಸೂರು ಕಡೆಯಿಂದ ಮಾಲೂರು ತಾಲ್ಲೂಕಿಗೂ ಆನೆಗಳು ನುಗ್ಗಿದ್ದುಂಟು. ರಾಗಿ ತೆನೆ ಬಲಿಯುವ ಹೊತ್ತಿಗೆ ರೈತರು ಹೊಲದಂಚಿನಲ್ಲಿ ಬೆಂಕಿ ಹಾಕಿ, ಪಟಾಕಿ, ಟಾರ್ಚು ಹಿಡಿದು ರಾತ್ರಿಯಿಡೀ ಕಾಯುತ್ತಾರೆ. ಆನೆ ತಿನ್ನುವುದು ಕಡಿಮೆ, ತುಳಿಯುವುದು ಹೆಚ್ಚು. ಟೊಮೆಟೊ ತೋಟಕ್ಕೆ ನುಗ್ಗಿತೆಂದರೆ ಗಿಡದ ಜೊತೆ ಆಸರೆಯ ಕೋಲು, ತಂತಿ, ಡ್ರಿಪ್ ಪೈಪು ಎಲ್ಲವೂ ಹೋಯಿತು. ಸಾವಿರ ಅಡಿ ಕೊರೆದ ಬೋರ್‌ವೆಲ್‌ನಿಂದ ನೀರೆತ್ತಿ ಸಾಲ ಮಾಡಿ ಬೆಳೆದ ಬೆಳೆ ಒಂದೇ ರಾತ್ರಿಯಲ್ಲಿ ನೆಲ ಕಚ್ಚುತ್ತದೆ.

ಒಂದೇ ಪ್ರಾಣಿ ಅಲ್ಲಿ ಡಾಲರ್ ತರುತ್ತದೆ, ಇಲ್ಲಿ ಸಾಲ ತರುತ್ತದೆ. ಈ ವ್ಯತ್ಯಾಸಕ್ಕೆ ಕಾಡಿನ ವಿಸ್ತಾರ, ಪ್ರಾಣಿಗಳ ಸಂಖ್ಯೆ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಸೆರೆಂಗೆಟಿ ಒಂದೇ 14,763 ಚದರ ಕಿ.ಮೀ. ಇದೆ, ಅದರೊಂದಿಗೆ ಕೋಲಾರವನ್ನು ಹೋಲಿಸುವುದೇ ತಪ್ಪು ಎನ್ನಬಹುದು. ಆದರೆ ಆಫ್ರಿಕಾದ ಯಶಸ್ವಿ ವನ್ಯಧಾಮಗಳ ಗುಟ್ಟು ವಿಸ್ತಾರದಲ್ಲಷ್ಟೇ ಇಲ್ಲ. ಪ್ರಾಣಿಯ ಜೊತೆ ಬದುಕುವವರಿಗೆ ಆ ಪ್ರಾಣಿಯಿಂದ ಆದಾಯ ಬರುವಂತೆ ಮಾಡಿದ ಒಪ್ಪಂದಗಳಲ್ಲಿ, ಕಾನೂನುಗಳಲ್ಲಿ ಇದೆ.

ಮಸಾಯಿ ಮಾರಾದ್ದೇ ಉದಾಹರಣೆ ತೆಗೆದುಕೊಳ್ಳೋಣ. ಸರ್ಕಾರಿ ವನ್ಯಧಾಮದ ವಿಸ್ತೀರ್ಣ ಸುಮಾರು 1,500 ಚದರ ಕಿ.ಮೀ. ಅದರ ಸುತ್ತಲಿನ ಹುಲ್ಲುಗಾವಲು ಮಸಾಯಿ ಪಶುಪಾಲಕರದು. ಹಿಂದೆ ಸಮುದಾಯದ ಒಡೆತನದಲ್ಲಿದ್ದ ಈ ನೆಲವನ್ನು ಕುಟುಂಬವಾರು ಹಂಚಿ ಹಕ್ಕುಪತ್ರ ಕೊಟ್ಟಾಗ ಎಲ್ಲರೂ ತಂತಮ್ಮ ತುಂಡಿಗೆ ಬೇಲಿ ಹಾಕಿಕೊಳ್ಳುವ, ಮಾರಿಕೊಳ್ಳುವ ಅಪಾಯವಿತ್ತು. ಮಾಲೂರಿನಲ್ಲಿ ಹೊಲಗಳು ಲೇಔಟ್‌ಗಳಾದ ಬಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನವರು ಬೇರೆ ದಾರಿ ಹಿಡಿದರು. ಅಕ್ಕಪಕ್ಕದ ಭೂಮಾಲೀಕರು ಒಟ್ಟುಗೂಡಿ ತಮ್ಮ ನೆಲವನ್ನು ವನ್ಯಜೀವಿಗಳಿಗಾಗಿ ಸಫಾರಿ ಶಿಬಿರಗಳವರಿಗೆ ಗುತ್ತಿಗೆ ಕೊಟ್ಟರು. ಪ್ರವಾಸಿಗರು ಬರಲಿ, ಬಿಡಲಿ, ಎಕರೆಗೆ ಇಷ್ಟೆಂದು ತಿಂಗಳ ಬಾಡಿಗೆ ಅವರ ಖಾತೆಗೆ ಬೀಳಬೇಕು. ಬೇಲಿ ಹಾಕುವಂತಿಲ್ಲ, ಉಳುವಂತಿಲ್ಲ. ಗೊತ್ತುಪಡಿಸಿದ ಕಾಲದಲ್ಲಿ, ಗೊತ್ತುಪಡಿಸಿದ ಕಡೆ ದನ ಮೇಯಿಸಬಹುದು. 2006ರಲ್ಲಿ ಆರಂಭವಾದ ಒಲಾರೆ ಒರೊಕ್‌ನಿಂದ ಮುಂದೆ ಇಂಥ ಸಂರಕ್ಷಣಾ ಒಕ್ಕೂಟಗಳು ಮಾರಾದ ಸುತ್ತ ಹಲವು ಹುಟ್ಟಿಕೊಂಡವು. 2013ರ ವನ್ಯಜೀವಿ ಕಾಯ್ದೆ ಇವುಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಸಣ್ಣ ಗುಂಪಿನ ಸಫಾರಿಗೆ ಅರ್ಥ ಬರುವುದು ಇಲ್ಲಿಯೇ. ಸಣ್ಣ ಗುಂಪು ಎಂದರೆ ಹೆಚ್ಚು ದುಡ್ಡಿಗೆ ಹೆಚ್ಚು ಆರಾಮ ಎಂದೇ ಪ್ರವಾಸ ಸಂಸ್ಥೆಗಳು ಮಾರುತ್ತವೆ. ಆದರೆ ಅದರ ಹಿಂದಿರುವುದು ನೆಲದ ಲೆಕ್ಕ. ಈ ಒಕ್ಕೂಟಗಳಲ್ಲಿ ಎಷ್ಟು ಎಕರೆಗೆ ಎಷ್ಟು ಹಾಸಿಗೆ ಇರಬೇಕು, ಒಂದು ಸಿಂಹದ ಬಳಿ ಎಷ್ಟು ವಾಹನ ನಿಲ್ಲಬಹುದು ಎಂಬುದಕ್ಕೆ ಮಿತಿ ಇದೆ. ಸರ್ಕಾರಿ ವನ್ಯಧಾಮದಲ್ಲಾದರೆ ಚಿರತೆಯೊಂದು ಮರವೇರಿತೆಂದು ವಾಕಿಟಾಕಿಯಲ್ಲಿ ಸುದ್ದಿ ಹೊರಟರೆ ಸಾಕು, ನಿಮಿಷಗಳಲ್ಲಿ ಹತ್ತಿಪ್ಪತ್ತು ವಾಹನಗಳು ಸುತ್ತುವರಿಯುತ್ತವೆ. 2025ರ ಜುಲೈನಲ್ಲಿ ಸೆರೆಂಗೆಟಿಯಲ್ಲಿ ಮಾರಾ ನದಿ ದಾಟಲು ಬಂದ ವಿಲ್ಡೆಬೀಸ್ಟ್ ಹಿಂಡಿಗೆ ವಾಹನಗಳಿಂದಿಳಿದ ಪ್ರವಾಸಿಗರು ಅಡ್ಡ ನಿಂತ ವಿಡಿಯೊ ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. ಸಂಖ್ಯೆಗೆ ಕಡಿವಾಣವಿಲ್ಲದ ಕಡೆ ಸಫಾರಿ ಜಾತ್ರೆಯಾಗುತ್ತದೆ. ಕಡಿವಾಣ ಹಾಕಿದ ಕಡೆ ಆದಾಯ ಕುಗ್ಗದಂತೆ ಬೆಲೆ ಏರಿಸಬೇಕಾಗುತ್ತದೆ.

ರುವಾಂಡಾ ಇದನ್ನು ತುದಿ ಮುಟ್ಟಿಸಿದೆ. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟು ಜನರ ಒಂದೇ ಗುಂಪು, ಅದೂ ಒಂದೇ ಗಂಟೆ. 2017ರಲ್ಲಿ ಪರವಾನಗಿ ದರವನ್ನು 750 ಡಾಲರ್‌ನಿಂದ ಒಮ್ಮೆಲೇ ಇಮ್ಮಡಿಗೊಳಿಸಿದ ಸರ್ಕಾರ, ಸುತ್ತಲಿನ ಹಳ್ಳಿಗಳಿಗೆ ಕೊಡುತ್ತಿದ್ದ ಪಾಲನ್ನೂ ಶೇ 5ರಿಂದ ಶೇ 10ಕ್ಕೆ ಏರಿಸಿತು. ಉಗಾಂಡದಲ್ಲಿ ಉದ್ಯಾನದ ಪ್ರವೇಶ ಶುಲ್ಕದ ಶೇ 20ರಷ್ಟು ಸ್ಥಳೀಯ ಆಡಳಿತಗಳ ಮೂಲಕ ಕಾಡಂಚಿನ ಜನರಿಗೆ ಸೇರಬೇಕೆಂಬ ಕಾನೂನಿದೆ. ನಿರ್ನಾಮದ ಅಂಚಿನಲ್ಲಿದ್ದ ಪರ್ವತ ಗೊರಿಲ್ಲಾಗಳ ಸಂಖ್ಯೆ ಸಾವಿರ ದಾಟಿದ್ದು, 2018ರಲ್ಲಿ ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದದ್ದು ಇದೇ ಅವಧಿಯ ಸಾಧನೆ. ನಮೀಬಿಯಾ 1996ರಲ್ಲೇ ಕಾನೂನು ತಿದ್ದಿ, ಹಳ್ಳಿಗಳ ಸಮುದಾಯಗಳು ತಮ್ಮ ಪ್ರದೇಶದ ವನ್ಯಜೀವಿಗಳನ್ನು ತಾವೇ ನಿರ್ವಹಿಸಿ ಪ್ರವಾಸೋದ್ಯಮದ ಆದಾಯ ಪಡೆಯುವ ಹಕ್ಕು ಕೊಟ್ಟಿತು. ಅಂಥ 86 ಸಮುದಾಯ ಸಂರಕ್ಷಣಾ ಪ್ರದೇಶಗಳು ಆ ದೇಶದ ನೆಲದ ಐದನೇ ಒಂದು ಪಾಲಿನಷ್ಟಿವೆ. ಅದೇ ನಮೀಬಿಯಾದಿಂದ 2022ರ ಸೆಪ್ಟೆಂಬರ್ 17ರಂದು ನಾವು ಎಂಟು ಚೀತಾಗಳನ್ನು ಕುನೊಗೆ ತಂದೆವು. ಚೀತಾ ಬಂತು, ಕಾನೂನು ಅಲ್ಲೇ ಉಳಿಯಿತು.

ಹಾಗೆಂದು ಆಫ್ರಿಕಾದ್ದೆಲ್ಲ ಅನುಕರಣೀಯವಲ್ಲ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಶಿಬಿರಗಳು ಬಾಗಿಲು ಹಾಕಿದವು, ಮಾರಾದ ಭೂಮಾಲೀಕರ ಬಾಡಿಗೆಗೆ ಕತ್ತರಿ ಬಿತ್ತು. ದೂರದ ಪ್ರವಾಸಿಯ ಜೇಬನ್ನೇ ನಂಬಿದ ಸಂರಕ್ಷಣೆ ಎಷ್ಟು ದುರ್ಬಲ ಎಂಬುದು ಆಗ ಬಯಲಾಯಿತು. ಟಾಂಜಾನಿಯಾದ ಲೊಲಿಯೊಂಡೊದಲ್ಲಿ 2022ರ ಜೂನ್‌ನಲ್ಲಿ ವನ್ಯಧಾಮಕ್ಕೆಂದು ಗಡಿ ಗುರುತಿಸಲು ಬಂದ ಭದ್ರತಾ ಪಡೆಗಳಿಗೂ ಮಸಾಯಿಗಳಿಗೂ ಘರ್ಷಣೆ ನಡೆದು ಜನ ಗಡಿ ದಾಟಿ ಕೆನ್ಯಾಕ್ಕೆ ಓಡಿದರು. ನೆಲದ ಹಕ್ಕು ಜನರ ಕೈಯಲ್ಲಿದ್ದ ಕಡೆ ಸಫಾರಿ ಅವರಿಗೆ ಬಾಡಿಗೆ ತಂದಿತು. ಹಕ್ಕು ಇಲ್ಲದ ಕಡೆ ಅವರನ್ನೇ ಒಕ್ಕಲೆಬ್ಬಿಸಿತು. ಈ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಆಫ್ರಿಕಾದಿಂದ ಕಲಿಯುವುದಕ್ಕೆ ಏನಾದರೂ ಸಿಗುತ್ತದೆ.

ಇನ್ನು ನಮ್ಮ ರಾಜ್ಯದ ವಿಚಾರ. ಸಫಾರಿ ಕರ್ನಾಟಕಕ್ಕೆ ಹೊಸದಲ್ಲ. ಜಂಗಲ್ ಲಾಡ್ಜಸ್ ಸ್ಥಾಪನೆಯಾದದ್ದು 1980ರಲ್ಲಿ. ಕಬಿನಿ ಜಗತ್ತಿನ ಪ್ರವಾಸಿ ನಕ್ಷೆಯಲ್ಲಿ ಸೇರಿ ದಶಕಗಳೇ ಕಳೆದಿವೆ. ಆದರೆ 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದಾಗ ಜನರ ಸಿಟ್ಟು ತಿರುಗಿದ್ದು ಸಫಾರಿಯ ಮೇಲೇ. ಸರ್ಕಾರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಕಾಡಂಚಿನ ಕೆಲಸಕ್ಕೆ ಕಳಿಸಬೇಕಾಯಿತು. ಸಫಾರಿ ವಾಹನಗಳಿಂದಲೇ ಹುಲಿ ಹೊರಬರುತ್ತದೆಯೇ ಎಂಬುದು ತಜ್ಞರು ತೀರ್ಮಾನಿಸಬೇಕಾದ ಪ್ರಶ್ನೆ. ಆ ಸಿಟ್ಟಿನ ಮೂಲ ಬೇರೆ ಇದೆ. ಹಣ್ಣು ತಿಂದವರು ಜಾರಿಕೊಂಡರು, ಸಿಪ್ಪೆ ತಿಂದವರು ಸಿಕ್ಕಿಬಿದ್ದರು ಎಂಬ ಭಾವನೆ ಕಾಡಂಚಿನ ಊರುಗಳಲ್ಲಿ ಬೇರೂರಿದೆ.

ಹುಲಿ ಮೀಸಲು ಪ್ರದೇಶಗಳಿಗಾದರೂ ಒಂದು ವ್ಯವಸ್ಥೆ ಇದೆ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಂತೆ ಅಲ್ಲಿ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿದ್ದು, ಪ್ರವಾಸಿಗರಿಂದ ಬಂದ ಹಣ ಅಲ್ಲಿಯೇ ಬಳಕೆಯಾಗಲು ದಾರಿಯಿದೆ. ಕೋಲಾರದಲ್ಲಿ ಹುಲಿ ಮೀಸಲೂ ಇಲ್ಲ, ಟಿಕೆಟ್ ಹರಿಯುವ ಗೇಟೂ ಇಲ್ಲ. ಹೀಗಾಗಿ ಆನೆಯಿಂದ ಇಲ್ಲಿ ಹುಟ್ಟುವುದು ನಷ್ಟ ಮಾತ್ರ. ಆರು ಸಾವಿರಕ್ಕೂ ಹೆಚ್ಚು ಆನೆಗಳಿರುವ ರಾಜ್ಯವೆಂಬ ಹೆಮ್ಮೆ ಬೆಂಗಳೂರಿಗೆ, ಅದರ ಬಾಬ್ತು ಕಾಮಸಮುದ್ರಕ್ಕೆ. ಪರಿಹಾರಕ್ಕೆ ಅರ್ಜಿ ಹಾಕೋಣವೆಂದರೆ ಪಹಣಿ ಎಷ್ಟೋ ಮನೆಗಳಲ್ಲಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ವಾರಕ್ಕೆ, ಗುತ್ತಿಗೆಗೆ ಹೊಲ ಮಾಡಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ನೆಲ ಮತ್ತು ಕಾಡಿನ ನಡುವಿನ ಈ ಕಗ್ಗಂಟು ಶ್ರೀನಿವಾಸಪುರದಲ್ಲಿ ಇನ್ನೊಂದು ರೂಪದಲ್ಲಿ ಕಂಡಿತು. 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿದಾಗ ಫಲ ಬಿಡುತ್ತಿದ್ದ ಮಾವಿನ ಮರಗಳನ್ನು ಜೆಸಿಬಿಗಳು ಉರುಳಿಸಿದವು. ಕಾಡು ಉಳಿಯಬೇಕೆಂಬ ಇಲಾಖೆಯ ವಾದದಲ್ಲಿ ಹುರುಳಿದೆ. ಒತ್ತುವರಿ ಮಾಡಿದ ದೊಡ್ಡವರನ್ನು ಬಿಡಬೇಕಿಲ್ಲ. ಆದರೆ ತಲೆಮಾರಿನಿಂದ ಉತ್ತುಂಡ ಸಣ್ಣ ರೈತನಿಗೆ ಕಾಡು ಎಂದರೆ ಬುಲ್ಡೋಜರ್ ಎಂದೇ ಅರ್ಥವಾದರೆ ನಾಳೆ ಅವನು ಯಾವ ಪ್ರಾಣಿಯ ಪರ ನಿಂತಾನು?

ಉಳಿಸಬೇಕಾದದ್ದು ನಮ್ಮಲ್ಲಿ ಆನೆಯೊಂದೇ ಅಲ್ಲ. ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಇರುವ ಕೋಲಾರ ಎಲೆಮೂಗಿನ ಬಾವಲಿ ಜಗತ್ತಿನಲ್ಲಿ ಇನ್ನೆಲ್ಲೂ ಕಂಡುಬಂದಿಲ್ಲ. 1994ರಲ್ಲಿ ವಿಜ್ಞಾನಿಗಳು ಗುರುತಿಸಿದ ಈ ಜೀವಿಯ ಸಂಖ್ಯೆ ಸಮೀಕ್ಷೆಯಲ್ಲಿ 200ಕ್ಕಿಂತ ಕಡಿಮೆ ಎಂದು ತಿಳಿದುಬಂದಿದೆ. ಪರ್ವತ ಗೊರಿಲ್ಲಾಕ್ಕಿಂತ ಅಪರೂಪದ ಪ್ರಾಣಿ ನಮ್ಮ ಕಲ್ಲುಬಂಡೆಯ ಒಳಗಿದೆ ಎಂಬುದು ಕೋಲಾರದಲ್ಲೇ ಎಷ್ಟು ಜನಕ್ಕೆ ಗೊತ್ತು? ಅದಕ್ಕಿದ್ದ ದೊಡ್ಡ ಬೆದರಿಕೆ ಗ್ರಾನೈಟ್ ಗಣಿಗಾರಿಕೆ. ಇದನ್ನು ತೋರಿಸಲು ಟಿಕೆಟ್ ಇಡುವುದು ಮೂರ್ಖತನ. ಟಾರ್ಚು ಹಿಡಿದ ಜನ ನುಗ್ಗಿದರೆ ಬಾವಲಿ ಗುಹೆ ಬಿಟ್ಟೀತು. ಜನರನ್ನು ದೂರವಿಟ್ಟೇ ಕಾಯಬೇಕಾದ ಇಂಥ ಕಡೆ ಊರಿಗೆ ಬೇಕಿರುವುದು ಪ್ರವಾಸೋದ್ಯಮವಲ್ಲ, ಕಾದದ್ದಕ್ಕೆ ಸಂಭಾವನೆ.

ಆದ್ದರಿಂದ ಕೋಲಾರಕ್ಕೆ ಸಫಾರಿ ಜೀಪುಗಳು ಬೇಡ. ಅಂತರಗಂಗೆ, ಆವನಿ, ಕುರುಡುಮಲೆಗೆ ಬರುವ ಜನರನ್ನು ತೋರಿಸಿ ‘ಇಕೋ ಟೂರಿಸಂ’ ಯೋಜನೆ ಬರೆಯುವುದೂ ಬೇಡ. ಮಾಡಬೇಕಾದದ್ದು ಮೂರು ಕೆಲಸ. ಮೊದಲನೆಯದು, ರಾಜ್ಯದ ಸಫಾರಿ ಆದಾಯದ ನಿಗದಿತ ಪಾಲು ಆದಾಯವಿಲ್ಲದೆ ನಷ್ಟ ಮಾತ್ರ ಹೊರುವ ಕೋಲಾರದಂಥ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳಿಗೆ ಕಾನೂನಿನ ಮೂಲಕ ಹೋಗಬೇಕು. ಎರಡನೆಯದು, ಆನೆ ವರ್ಷ ವರ್ಷವೂ ಹಾಯುವ ದಾರಿಯ ಹೊಲಗಳಿಗೆ ಬೆಳೆ ಹಾಳಾದ ಮೇಲೆ ಪರಿಹಾರ ಕೊಡುವ ಬದಲು ಮಾರಾದ ಮಾದರಿಯಲ್ಲಿ ಮುಂಗಡ ಬಾಡಿಗೆ ಕೊಟ್ಟು, ಹಕ್ಕು ರೈತನಲ್ಲೇ ಉಳಿಯುವಂತೆ ಒಪ್ಪಂದ ಮಾಡಿಕೊಳ್ಳಬೇಕು. ಉಳುವವನೇ ಬೇರೆಯಾಗಿದ್ದರೆ ಪಂಚಾಯಿತಿಯ ದೃಢೀಕರಣದ ಮೇಲೆ ಅವನಿಗೂ ಪಾಲು ಸಲ್ಲಬೇಕು. ಮೂರನೆಯದು, ಆನೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಟ್ಟುವ ಆಟ ನಿಲ್ಲಿಸಿ ಕರ್ನಾಟಕ, ಆಂಧ್ರ, ತಮಿಳುನಾಡು ಒಂದೇ ಯೋಜನೆ ರೂಪಿಸಬೇಕು. ಕೆನ್ಯಾ, ಉಗಾಂಡ, ರುವಾಂಡಾ ಮೂರು ದೇಶಗಳು ಪ್ರವಾಸಿಗಾಗಿ 2014ರಲ್ಲೇ ಒಂದೇ ವೀಸಾ ತಂದವು. ಒಂದೇ ದೇಶದ ಮೂರು ರಾಜ್ಯಗಳಿಗೆ ಆನೆಗಾಗಿ ಒಂದು ಒಪ್ಪಂದ ಅಸಾಧ್ಯವೇನಲ್ಲ.

ಆಫ್ರಿಕಾಕ್ಕೆ ಹೊರಟ ಕೋಲಾರದವರು ಅಪರಾಧಿ ಭಾವ ಹೊರಬೇಕಿಲ್ಲ, ಖುಷಿಯಾಗಿ ಹೋಗಿಬರಲಿ. ಆದರೆ ಹಳದಿ ಜ್ವರದ ಲಸಿಕೆ, ವೀಸಾ, ಊಟದ ವ್ಯವಸ್ಥೆಯ ಬಗ್ಗೆ ವಿಚಾರಿಸುವಾಗ ಪ್ರವಾಸ ಸಂಸ್ಥೆಯನ್ನು ಇನ್ನೆರಡು ಪ್ರಶ್ನೆ ಕೇಳಲಿ: ನಾವು ತಂಗುವ ಶಿಬಿರದ ನೆಲ ಯಾರದು, ನಾವು ಕಟ್ಟುವ ಹಣದಲ್ಲಿ ಅವರಿಗೆ ಎಷ್ಟು ಸೇರುತ್ತದೆ? ಅದೇ ಎರಡು ಪ್ರಶ್ನೆಗಳನ್ನು ಊರಿಗೆ ಮರಳಿದ ಮೇಲೆ ತಮ್ಮ ಶಾಸಕರನ್ನೂ ಅರಣ್ಯ ಸಚಿವರನ್ನೂ ಕೇಳಲಿ. ಜಿಲ್ಲೆಯ ಆನೆಗೂ ಬಾವಲಿಗೂ ಮಾತು ಬಾರದು. ಅವುಗಳ ಜೊತೆ ಬದುಕುವ ರೈತನ ಮಾತಿಗೆ ಬೆಂಗಳೂರಿನಲ್ಲಿ ಬೆಲೆಯಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಬಲ್ಲವರ ಮಾತಿಗೆ ಇದೆ. ಅದನ್ನು ಅವರು ಬಳಸಬೇಕು.